ಜೇನು ತೋರಿದ ಹಕ್ಕಿಯ ಪಾಲು



ಕಳೆದ ಶ್ರಾವಣದ ಒಂದು ಅನುಭಾವಗೋಷ್ಠಿಯಲ್ಲಿ ದಾಸೋಹವನ್ನು ಕುರಿತು ಮಾತನಾಡುವಾಗ ನಾವು ಆಫ್ರಿಕಾದ ಒಂದು ದೃಷ್ಟಾಂತವನ್ನು ಕೊಟ್ಟಿದ್ದೆವು. ಟಾಂಜಾನಿಯಾ ದೇಶದ ಹಡ್ಜಾ ಎಂಬ ವನವಾಸಿಗಳಿಗೆ ಹಕ್ಕಿಯೊಂದು ಜೇನಿರುವ ತಾಣವನ್ನು ತೋರಿಸುತ್ತದೆ. ಅವರು ಜೇನು ತೆಗೆದ ಬಳಿಕ ಮೇಣವನ್ನು ಹಸಿರೆಲೆಯ ಮೇಲಿಟ್ಟು ಹಕ್ಕಿಯ ಪಾಲನ್ನು ಹಕ್ಕಿಗೆ ಸಲ್ಲಿಸುತ್ತಾರೆ ಎಂದೆವು. ಸಭೆ ಮೆಚ್ಚಿಕೊಂಡಿತು. ಮುಂದೆ ಇನ್ನೆರಡು ಕಡೆಯೂ ಅದನ್ನೇ ಹೇಳಿದೆವು. ಆ ಮಾತು ತಪ್ಪೆಂದು ಈಗ ತಿಳಿದುಬಂದಿದೆ. ಹೇಳಿದ ಬಾಯಿಂದಲೇ ತಿದ್ದುಪಡಿಯೂ ಬರಬೇಕಾದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಹಡ್ಜಾ ಜನರು ಉತ್ತರ ಟಾಂಜಾನಿಯಾದ ಎಯಾಸಿ ಸರೋವರದ ಸುತ್ತಣ ಕುರುಚಲು ಕಾಡಿನಲ್ಲಿ ವಾಸಿಸುವವರು. ಅವರ ಸಂಖ್ಯೆ ಸಾವಿರಕ್ಕೆ ತುಸು ಹೆಚ್ಚು. ಅವರಲ್ಲಿಯೂ ಬೇಟೆ, ಗೆಡ್ಡೆಗೆಣಸು, ಹಣ್ಣು ಮತ್ತು ಜೇನನ್ನೇ ಮುಖ್ಯವಾಗಿ ನಂಬಿ ಬದುಕುವವರು ಕೆಲವು ನೂರು ಮಂದಿ ಮಾತ್ರ. ಅವರ ಆಹಾರಪದ್ಧತಿ ನಮ್ಮ ಮನೆಗಳಿಗೆ ಒಗ್ಗುವಂಥದಲ್ಲ. ಜೇನನ್ನು ಸಹ ಹುಟ್ಟಿನೊಳಗಿನ ಮರಿಗಳ ಸಮೇತ ತಿನ್ನುತ್ತಾರೆ. ಅದನ್ನು ಮರೆಮಾಚಿ ಅವರನ್ನು ಋಷಿಗಳಂತೆ ಚಿತ್ರಿಸುವುದು ಇನ್ನೊಂದು ತಪ್ಪಾದೀತು.

ಅಲ್ಲಿಯ ಜೇನುಹುಳು ನಮ್ಮ ತುಡುವೆಯಂತೆ ಪೊಟರೆಯಲ್ಲಿ ಮನೆ ಮಾಡುತ್ತದೆ, ಆದರೆ ಸ್ವಭಾವದಲ್ಲಿ ಬಹು ಉಗ್ರ. ಅನೇಕ ವೇಳೆ ಆ ಪೊಟರೆ ಇರುವುದು ಬಾವೊಬಾಬ್ ಮರದಲ್ಲಿ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಮಹಾವೃಕ್ಷಗಳನ್ನು ಕಂಡ ಓದುಗರು ಆಫ್ರಿಕಾ ಮೂಲದ ಆ ಮರದ ಗಾತ್ರವನ್ನು ಬಲ್ಲರು. ನುಣುಪಾದ ಆ ಕಾಂಡವನ್ನು ತಬ್ಬಿ ಏರುವುದು ಸಾಧ್ಯವಿಲ್ಲ. ಹಡ್ಜಾ ಪುರುಷನು ಚೂಪಾಗಿ ಕೆತ್ತಿದ ಮರದ ಗೂಟಗಳನ್ನು ಕೊಡಲಿಯಿಂದ ಬಡಿದು ನೆಡುತ್ತಾನೆ. ಒಂದರ ಮೇಲೆ ನಿಂತು ಮತ್ತೊಂದನ್ನು ಬಡಿಯುತ್ತಾನೆ. ಹಾಗೆ ಹತ್ತಿ, ಹೊಗೆಯಾಡುವ ಸೂಡಿಯನ್ನು ಪೊಟರೆಗೆ ಹಿಡಿದು, ಬಾಯನ್ನು ಅಗಲಗೊಳಿಸಿ ಬರಿಗೈಯಿಂದ ಹುಟ್ಟನ್ನು ತೆಗೆಯುತ್ತಾನೆ. ಕುಟುಕು ತಪ್ಪಿದ್ದಲ್ಲ. ಕೈ ಜಾರಿದರೆ ಪ್ರಾಣಕ್ಕೇ ಸಂಚಕಾರ.

ಇಷ್ಟು ವಿಶಾಲವಾದ ಕಾಡಿನಲ್ಲಿ ಯಾವ ಮರದಲ್ಲಿ ಜೇನಿದೆಯೆಂದು ಅರಿಯುವುದೆಂತು? ಇಲ್ಲಿಗೇ ಆ ಹಕ್ಕಿ ಬರುವುದು. ಗೊರವಂಕಕ್ಕಿಂತ ಚಿಕ್ಕದಾದ, ಬೂದುಗಂದು ಬಣ್ಣದ ಅದಕ್ಕೆ ಶಾಸ್ತ್ರಜ್ಞರು ‘ಇಂಡಿಕೇಟರ್ ಇಂಡಿಕೇಟರ್’ ಎಂದು ಹೆಸರಿಟ್ಟಿದ್ದಾರೆ. ಬೇಟೆಗಾರನು ಸಿಳ್ಳೆ ಹಾಕುತ್ತಾನೆ. ಹಕ್ಕಿ ಬಿಡದೆ ಚಿಲಿಪಿಲಿಗುಟ್ಟುತ್ತ ಮರದಿಂದ ಮರಕ್ಕೆ ಹಾರಿ ಮುಂದೆ ಸಾಗುತ್ತದೆ. ಜೇನನ್ನು ಪತ್ತೆಹಚ್ಚುವುದು ಹಕ್ಕಿ, ಹೊಗೆ ಹಾಕಿ ಮರ ಕಡಿಯುವವನು ಮನುಷ್ಯ. ಹಕ್ಕಿಗೆ ಬೇಕಾದುದು ಮೇಣ. 1588ರಲ್ಲಿಯೇ ಸೊಫಾಲಾದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಜೋವಾವ್ ದೋಸ್ ಸಾಂತೋಸ್, ಇಂಥ ಹಕ್ಕಿಯು ಇಗರ್ಜಿಯೊಳಗೆ ನುಗ್ಗಿ ಮೇಣದ ಬತ್ತಿಯನ್ನು ಕುಕ್ಕಿ ತಿನ್ನುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಸಾಕಿದ ಪ್ರಾಣಿಯಲ್ಲ, ಕಲಿಸಿದವರಿಲ್ಲ. ತಾಯಿ ಪರರ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವುದರಿಂದ ಹೆತ್ತವರಿಂದಲೂ ಕಲಿಯುವಂತಿಲ್ಲ.

ಈ ಹಕ್ಕಿಯ ನೆರವಿದ್ದರೆ ಹಡ್ಜಾಗಳು ಜೇನನ್ನು ಕಂಡುಹಿಡಿಯುವ ವೇಗ ಐದು ಪಟ್ಟಿಗೂ ಮೀರಿ ಹೆಚ್ಚುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಅವರ ಒಟ್ಟು ಆಹಾರದ 8ರಿಂದ 10 ಪಾಲು ಶತಾಂಶ ಹಕ್ಕಿಯ ಸಹಾಯದಿಂದ ದೊರೆತುದೇ ಎಂಬ ಅಂದಾಜೂ ಅಲ್ಲಿದೆ. ಅದೇ ಅಧ್ಯಯನದಲ್ಲಿ ನಮ್ಮ ಭಾಷಣವನ್ನು ಬುಡಮೇಲು ಮಾಡುವ ಮಾತೂ ಇದೆ: ಹಡ್ಜಾಗಳು ಉಳಿದ ಹುಟ್ಟನ್ನು ಹಕ್ಕಿಗೆ ಇಡುವುದಿಲ್ಲ, ಎಷ್ಟೋ ಸಲ ಅದನ್ನು ಬಚ್ಚಿಡುತ್ತಾರೆ, ಹೂಳುತ್ತಾರೆ, ಸುಡುತ್ತಾರೆ. ಹೊಟ್ಟೆ ತುಂಬಿದ ಹಕ್ಕಿ ಮತ್ತೊಂದು ಜೇನನ್ನು ತೋರಿಸದು, ಹಸಿದಿದ್ದರೆ ಮುಂದಕ್ಕೆ ಕರೆದೊಯ್ಯುತ್ತದೆ ಎಂಬುದು ಅವರ ಲೆಕ್ಕ. ಉದುರಿದ ಚೂರುಪಾರು ಸಿಕ್ಕಿದರೆ ಅದೇ ಹಕ್ಕಿಯ ಭಾಗ್ಯ.

ಎಲೆಯ ಮೇಲೆ ಮೇಣವನ್ನಿಡುವವರು ಉತ್ತರ ಮೊಜಾಂಬಿಕ್‌ನ ಯಾವೊ ಜನರು. ಅವರು ಹಕ್ಕಿಯನ್ನು ಕರೆಯುವ ಕೂಗೂ ಬೇರೆ; ಆಯಾ ಸೀಮೆಯ ಹಕ್ಕಿ ಆಯಾ ಸೀಮೆಯ ಕರೆಗೇ ಹೆಚ್ಚಾಗಿ ಓಗೊಡುತ್ತದೆಂದು 2023ರಲ್ಲಿ ಶೋಧಿಸಿದ್ದಾರೆ. ಎಲ್ಲಿಯೋ ಓದಿದ್ದನ್ನು ಇನ್ನೆಲ್ಲಿಗೋ ಜೋಡಿಸಿದ ದೋಷ ನಮ್ಮದು.

ಸತ್ಯ ತಿಳಿದಾಗ ನಮಗೆ ಬೇಸರವಾಯಿತೆಂಬುದನ್ನು ಮುಚ್ಚಿಡಲಾರೆವು. ಉಪಕಾರ ಮಾಡಿದ ಜೀವಿಯನ್ನು ಹಸಿವಿನಲ್ಲಿಡುವುದು ನಮ್ಮ ಮನಸ್ಸಿಗೆ ಒಪ್ಪಿಗೆಯಾಗದು, ಇಂದಿಗೂ ಆಗಿಲ್ಲ. ಆದರೆ ಅದೇ ಜನರ ಬಿಡಾರದಲ್ಲಿ ಮುಖ್ಯಸ್ಥನೆಂಬವನಿಲ್ಲ. ಕಾಡಿನಲ್ಲಿ ತಿಂದು ಉಳಿದ ಜೇನು ಬಿಡಾರಕ್ಕೆ ಬಂದಿತೆಂದರೆ ಕೈಯೊಡ್ಡಿದವರಿಗೆ ಇಲ್ಲವೆನ್ನುವ ವಾಡಿಕೆಯಿಲ್ಲ. ತಂದವನು ದೊಡ್ಡಸ್ತಿಕೆ ತೋರುವಂತೆಯೂ ಇಲ್ಲ. ನಾಳೆಗೆಂದು ಕೂಡಿಡುವುದು ಬಹು ವಿರಳ. ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನಿಂದ ಮರಳಿ ಸುರಿಸಿಬಂದ ಲಕ್ಕಮ್ಮನ ಕಥೆ ಕೇಳಿ ಬೆಳೆದ ನಾವು ಈ ಬಿಡಾರವನ್ನು ಬಿಟ್ಟು ಹಕ್ಕಿಯ ಬಳಿ ದೃಷ್ಟಾಂತ ಹುಡುಕಿದೆವಲ್ಲ! ಕೇಳುವುದಕ್ಕೆ ಹಿತವಾಗಿತ್ತು, ಅಷ್ಟೆ.

ಅವರ ಸ್ಥಿತಿಯೂ ಸುಖದ್ದಲ್ಲ. ಬೇಸಾಯಗಾರರೂ ದನಗಾಹಿಗಳೂ ಒತ್ತಿ ಬಂದು ಅವರ ನೆಲದ ಬಹುಭಾಗ ಕೈಬಿಟ್ಟಿದೆ. 2011ರಲ್ಲಿ ಯಾಯೆಡಾ ಕಣಿವೆಯ ಸುಮಾರು 20,000 ಹೆಕ್ಟೇರ್ ಭೂಮಿಗೆ ಅಲ್ಲಿಯ ಸರಕಾರ ಅವರಿಗೆ ಸಾಮೂಹಿಕ ಹಕ್ಕುಪತ್ರ ಕೊಟ್ಟಿತು.

ಶ್ರಾವಣದ ಆ ಸಭೆಯಲ್ಲಿ ಚಿಕ್ಕ ಬಾಲಕಿಯೊಬ್ಬಳು ಎದ್ದುನಿಂತು, “ಅಜ್ಜಾರ, ಮೇಣ ಇಡೂದು ಮರತ್ರ ಹಕ್ಕಿ ಏನ್ ಮಾಡತೈತ್ರಿ?” ಎಂದು ಕೇಳಿದ್ದಳು. ಅವರು ಮರೆಯುವುದೇ ಇಲ್ಲ ಎಂದು ನಾವು ಬಹು ಧೈರ್ಯದಿಂದ ಉತ್ತರಿಸಿದ್ದೆವು. ಆ ಮಗುವಿನ ಮನೆಗೆ ಈ ಪತ್ರಿಕೆ ಬರುತ್ತದೆ. ತಾಯಿಯವರು ಇದನ್ನು ಅವಳಿಗೆ ಓದಿ ಹೇಳಬೇಕೆಂದು ಬೇಡುತ್ತೇವೆ: ಇಡದಿದ್ದರೂ ಆ ಹಕ್ಕಿ ಮತ್ತೊಂದು ಮರಕ್ಕೆ ಹಾರಿ ಕರೆಯುತ್ತದಂತೆ.