ಇಸ್ಪೀಟು ಕಾಯಕವಲ್ಲ

ನೌಕರಿ ಬಿಟ್ಟು ಪಣಜಿಯ ಕ್ಯಾಸಿನೊ ಹಡಗುಗಳಲ್ಲಿ ಬ್ಲ್ಯಾಕ್‌ಜಾಕ್ ಆಡುವುದೂ ಕಾಯಕವೇ ಎನ್ನುವ ಓದಿದ ಹುಡುಗರು ಈಗ ನಮ್ಮ ಬಾಗಲಕೋಟೆಯಲ್ಲೂ ಇದ್ದಾರೆ. ಅದು ಅದೃಷ್ಟವಲ್ಲ, ಲೆಕ್ಕ ಎಂಬುದು ಅವರ ವಾದ. ನಿವೃತ್ತ ಎಂಜಿನಿಯರ್ ಆದ ನಾನು ಲೆಕ್ಕವನ್ನು ಒಪ್ಪುತ್ತೇನೆ. ಬಿದ್ದ ಎಲೆಗಳನ್ನು ಎಣಿಸುತ್ತ ಆಡಿದರೆ ಗೆಲ್ಲಬಹುದೆಂದು ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲೇ ಪುಸ್ತಕ ಬರೆದು ತೋರಿಸಿದರು.

ಆದರೆ ಗೆದ್ದ ಮಾತ್ರಕ್ಕೆ ಕಾಯಕವಾಗದು. ಇಳಕಲ್ ನೇಕಾರ ಮಗ್ಗದಿಂದ ಎದ್ದಾಗ ಸೀರೆ ಒಂದು ಗೇಣಾದರೂ ಬೆಳೆದಿರುತ್ತದೆ. ಇಸ್ಪೀಟಿನಿಂದ ಎದ್ದಾಗ ಒಬ್ಬರ ಹಣ ಇನ್ನೊಬ್ಬರ ಜೇಬು ಸೇರಿರುತ್ತದೆ, ಅಷ್ಟೆ.

ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನೇ ಆಯ್ದಕ್ಕಿ ಲಕ್ಕಮ್ಮ ಗಂಡನಿಂದ ಮರಳಿಸಿದರು. ಹಾಗಿರುವಾಗ ಜೂಜಿನ ಹಣದಿಂದ ದಾಸೋಹವೇ? ಅಂಥ ಕಾಣಿಕೆಯನ್ನು ನಮ್ಮ ಮಠಗಳು ಮುಟ್ಟಬಾರದು.