ಒಂದೇ ಒಂದು ತಾನೆ?

ಕ್ಯಾಂಪಸ್ ಕಟ್ಟೆ – 4 ☕

ಕಾಲೇಜ್ ಎದುರಿನ ಟೀ ಅಂಗಡಿ. ದಾರದಲ್ಲಿ ನೇತಾಡೋ ಲೈಟರ್, ಬೈ-ಟು ಟೀ, ಮೂರು ಜನಕ್ಕೆ ಒಂದು ಸಿಗರೇಟ್. ಫೋಟೋ ನೋಡಿದ ಕೂಡಲೇ ನಿಮ್ಮ ಅಂಗಡಿ ನೆನಪಾಯ್ತಲ್ವಾ?

ಈಗ ಹೇಳಿ, ಮೊದಲ ಸಿಗರೇಟಿಗೇ ಪೂರ್ತಿ ಪ್ಯಾಕ್ ತಗೊಂಡವರನ್ನ ನೋಡಿದ್ದೀರಾ? ನಾನಂತೂ ನೋಡಿಲ್ಲ. ಶುರುವಾಗೋದು "ಅಣ್ಣಾ, ಒಂದು ಕೊಡಿ" ಅನ್ನೋದರಿಂದಲೇ. ಪ್ಯಾಕ್ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆ ಇರಲೇಬೇಕು ಅಂತ ನಿಯಮ ಇದೆ. ಬಿಡಿ ಸಿಗರೇಟಿನ ಮೇಲೆ? ಏನೂ ಇಲ್ಲ. ಎಚ್ಚರಿಕೆ ಅಂಗಡಿಯಲ್ಲೇ ಉಳಿಯುತ್ತೆ, ಸಿಗರೇಟ್ ಮಾತ್ರ ನಮ್ಮ ಕೈಗೆ ಬರುತ್ತೆ.

ಅದಕ್ಕೇ ನಮ್ಮ ರಾಜ್ಯದ ಹೊಸ ಕಾನೂನು ನನಗೆ ಮುಖ್ಯ ಅನ್ಸುತ್ತೆ. ಕೇಂದ್ರದ ಕೋಟ್ಪಾ ಕಾಯ್ದೆ 2003ರದ್ದು. ಅದಕ್ಕೆ ಕರ್ನಾಟಕ ತಂದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು.

👉 ತಂಬಾಕು ಕೊಳ್ಳೋ ವಯಸ್ಸು 18ರಿಂದ 21ಕ್ಕೆ
👉 ಬಿಡಿ ಸಿಗರೇಟ್ ಮಾರಾಟ ನಿಷೇಧ
👉 ಹುಕ್ಕಾ ಬಾರ್ ಬಂದ್
👉 ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 200 ಅಲ್ಲ, 1,000 ರೂಪಾಯಿವರೆಗೆ

"18ಕ್ಕೆ ವೋಟ್ ಹಾಕಬಹುದು, ಸಿಗರೇಟ್ ಮಾತ್ರ ಯಾಕೆ ಬೇಡ? ಅದು ನಮ್ಮಿಷ್ಟ" ಅಂತೀರಾ? ನ್ಯಾಯವಾದ ಪ್ರಶ್ನೆ. ಆದ್ರೆ ನನ್ನ ಗೆಳೆಯನ ಕಥೆ ಕೇಳಿ. ಮೊದಲ ಸೆಮಿಸ್ಟರ್‌ನಲ್ಲಿ ನಮ್ಮ ಜೊತೆ ಒಂದೇ ಒಂದು ದಮ್ ಎಳೆದಿದ್ದ. ಈಗ ಮೂರು ಗಂಟೆ ಪರೀಕ್ಷೆಗೆ ಕೂರೋಕಾಗಲ್ಲ. ಬರೆಯೋದು ಬಾಕಿ ಇದ್ರೂ ಪೇಪರ್ ಕೊಟ್ಟು ಹೊರಗೆ ಓಡ್ತಾನೆ. ಬಿಡಬೇಕು ಅಂತ ಮೂರು ಸಲ ಒದ್ದಾಡಿದ, ಆಗಲಿಲ್ಲ. ಮೊದಲ ದಮ್ ಅವನಿಷ್ಟ, ಒಪ್ಪೋಣ. ಇವತ್ತಿನದು ನಿಕೋಟಿನ್ ಇಷ್ಟ. ಅವತ್ತು ಆ ದಮ್ ಅವನ ಕೈಗೆ ಕೊಟ್ಟಿದ್ದು ನಾನೇ. 😔

ಕಾನೂನು ಬಂತು, ಸರಿ. ಆದ್ರೆ ಬಿಡಿ ಸಿಗರೇಟ್ ಇನ್ನೂ ಆರಾಮಾಗಿ ಸಿಗ್ತಿದೆ. ಅಪರೂಪಕ್ಕೊಮ್ಮೆ ಬಂದು ಪಾಪದ ಅಂಗಡಿಯವರಿಗೆ ದಂಡ ಹಾಕಿ ಹೋದ್ರೆ ಏನೂ ಬದಲಾಗಲ್ಲ. ಅವರ ಗಿರಾಕಿಗಳು ಯಾರು? ನಾವೇ. ನಾವು ಕೇಳೋದು ನಿಲ್ಲಿಸಿದ್ರೆ ಅವರು ಯಾರಿಗೆ ಮಾರ್ತಾರೆ?

ಸೇದೋರಿಗೆ ಬೈಯೋಕೆ ಬರೆದಿದ್ದಲ್ಲ ಇದು. ಒಂದೇ ಒಂದು ಬೇಡಿಕೆ: ಜೂನಿಯರ್ ಕೈಗೆ "ಒಂದು ದಮ್ ಎಳಿ ಮಗಾ" ಅಂತ ಕೊಡಬೇಡಿ. ಬಿಡಬೇಕು ಅನ್ನಿಸಿದ್ರೆ 1800-11-2356ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ಉಚಿತ.

ನಿಮ್ಮ ಮೊದಲ ದಮ್ ಯಾರು ಕೊಟ್ಟಿದ್ದು? ಕಾಮೆಂಟ್‌ನಲ್ಲಿ ಹೇಳಿ. 👇

#ಕ್ಯಾಂಪಸ್_ಕಟ್ಟೆ #ಒಂದೇ_ಒಂದು_ತಾನೆ