ತಾಲೂಕು ಬದಲಾಯಿತು, ಅರ್ಜಿ ಬದಲಾಗಲಿಲ್ಲ

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳ ಅರ್ಜಿಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಊರು, ತಾಲೂಕು, ಜಿಲ್ಲೆ. ಹಿರಿಯರು ಅದನ್ನು ಯೋಚಿಸದೆ ತುಂಬುತ್ತಾರೆ. ಬಾರ್ಕೂರಿನವರು ಉಡುಪಿ ತಾಲೂಕು ಎನ್ನುತ್ತಾರೆ, ಹೆಬ್ರಿಯವರು ಕಾರ್ಕಳ ಎನ್ನುತ್ತಾರೆ. ಇನ್ನೂ ಹಳಬರಾದರೆ ಜಿಲ್ಲೆಯ ಜಾಗದಲ್ಲಿ ‘ಸೌತ್ ಕೆನರಾ’ ಎಂದೇ ಬರೆಯುವುದುಂಟು. ಸರಕಾರಿ ದಫ್ತರದಲ್ಲಿ ಈ ಉತ್ತರಗಳು ಈಗ ನಡೆಯುವುದಿಲ್ಲ.

ಉಡುಪಿ ಜಿಲ್ಲೆ ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರ ಆಗಸ್ಟ್ 25ರಂದು. ಆಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕು. 2018ರಲ್ಲಿ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಏಳಾದವು. ಊರಿನಲ್ಲಿರುವವರಿಗೆ ಕಚೇರಿ ಹತ್ತಿರವಾಯಿತು, ಒಳ್ಳೆಯದೇ. ಮುಂಬಯಿಯಲ್ಲಿರುವವರ ಪಾಡು ಬೇರೆ. ತಂದೆಯ ಹೆಸರಿನಲ್ಲಿರುವ ಪಹಣಿ ಬದಲಿಸಲು ನಾಲ್ಕು ದಿನದ ರಜೆ ಹಾಕಿ ಮತ್ಸ್ಯಗಂಧ ಹತ್ತಿದವರು ಹಳೆಯ ತಾಲೂಕು ಕಚೇರಿಯಲ್ಲಿ ಸರದಿ ನಿಂತರೆ ಒಂದು ದಿನ ಅಲ್ಲೇ ಹೋಯಿತು. ಹಳೆಯ ಕ್ರಯಪತ್ರದಲ್ಲಿ ಒಂದು ತಾಲೂಕು, ಇಂದಿನ ಪಹಣಿಯಲ್ಲಿ ಇನ್ನೊಂದು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಇವೆರಡೂ ಒಂದೇ ಗದ್ದೆಯ ಕಾಗದ ಎಂದು ಹೇಳಿಕೊಡುವವರು ಯಾರು?

ಗಡಿ ಗೆರೆ ಹೊಸದಾದರೂ ನೆಲ ಹಳೆಯದೇ. ಬ್ರಹ್ಮಾವರವನ್ನೇ ನೋಡಿ. ಒಂದೇ ತಾಲೂಕು, ಆದರೆ ಉಪ್ಪೂರಿನ ಮನೆಗಳಲ್ಲಿ ತುಳು, ಸೀತಾನದಿ ದಾಟಿ ಕೋಟಕ್ಕೆ ಹೋದರೆ ಕುಂದಗನ್ನಡ. ಹೆಬ್ರಿ ಆಗುಂಬೆ ಘಾಟಿಯ ಬುಡದ ಕಾಡುಸೀಮೆ, ಮಳೆಯ ಲೆಕ್ಕವೇ ಬೇರೆ. ಬೈಂದೂರಿನ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಶಂಕರಪುರದ ಮಲ್ಲಿಗೆಗೂ ಮಟ್ಟುವಿನ ಗುಳ್ಳಕ್ಕೂ ಭೌಗೋಳಿಕ ಗುರುತು ಸಿಕ್ಕಿದ್ದು ಉಡುಪಿಯ ಹೆಸರಿನಲ್ಲಿ. ಆ ಊರುಗಳಿಂದು ಕಾಪು ತಾಲೂಕಿನವು. ಮದುವೆಮನೆಯಲ್ಲಿ ಮಲ್ಲಿಗೆ ಮುಡಿಯುವವರು ತಾಲೂಕು ಕೇಳುವುದಿಲ್ಲ ಬಿಡಿ.

ಆದರೆ ಸಂಘಗಳು ಕೇಳುತ್ತವೆ. ಕೇಳಲಿ, ಆದರೆ ಹೊಸ ತಾಲೂಕಿಗೊಂದು ಹೊಸ ಸಂಘ ಎಂಬ ಆಸೆ ಹುಟ್ಟದಿರಲಿ. ಇರುವ ಸಂಘಗಳ ಸಭೆಗೇ ಎಳೆಯರು ಬರುವುದು ಕಡಿಮೆಯಾಗಿರುವಾಗ ಏಳು ಪಾಲು ಮಾಡಿ ಯಾರು ನಡೆಸುವುದು? ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದ್ದು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು, ಸಂಸ್ಥೆ ಹಳೆಯ ಹೆಸರಿನಲ್ಲೇ ಕನ್ನಡದ ಕೆಲಸ ಮುಂದುವರಿಸಿತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು, ಅಲ್ಲಿಂದ ಮುಂಬಯಿಗೆ ಬಂದ ಕನ್ನಡಿಗರನ್ನು ಇಲ್ಲಿ ಹೊರಗಿನವರೆಂದು ಕಂಡವರಿಲ್ಲ.

ಆಗಬೇಕಾದದ್ದು ಚಿಕ್ಕ ಕೆಲಸ. ಅರ್ಜಿಯಲ್ಲಿ ಮೊದಲು ಗ್ರಾಮದ ಹೆಸರು, ನಂತರ ಹಳೆಯ ತಾಲೂಕು, ಹೊಸ ತಾಲೂಕು ಎರಡಕ್ಕೂ ಜಾಗವಿರಲಿ. ಸಂಘದ ಕಚೇರಿಯ ಗೋಡೆಯಲ್ಲಿ ಮಾಜಿ ಅಧ್ಯಕ್ಷರ ಭಾವಚಿತ್ರಗಳ ಪಕ್ಕ ಜಿಲ್ಲೆಯ ಹೊಸ ನಕ್ಷೆಯೊಂದು ತೂಗಲಿ. ವಿದ್ಯಾರ್ಥಿವೇತನ ಕೇಳಿ ಬರುವ ಹುಡುಗ ಹುಡುಗಿಯರಿಗೆ ಅಂಕಪಟ್ಟಿಯ ಜೊತೆಗೆ ಅಜ್ಜನ ಗ್ರಾಮದ ಹೆಸರು, ಹತ್ತಿರದ ಹೊಳೆಯ ಹೆಸರು ಬರೆದು ತರಲು ಹೇಳಬಹುದು. ಆ ನೆಪದಲ್ಲಾದರೂ ಮನೆಯಲ್ಲಿ ಹಿರಿಯರನ್ನು ಕೇಳುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಹೊಸ ಅರ್ಜಿ ಅಚ್ಚಿಗೆ ಹೋಗುತ್ತದೆ. ಒಂದು ಸಾಲು ತಿದ್ದಲು ಮಹಾಸಭೆಯ ಠರಾವೂ ಬೇಕಿಲ್ಲ.